ಮಿಲ್ಲಿನ ಡ್ರೈವ್ ಬೈಕಂಪಾಡಿಗೆ ಹೊರಟಿತು

ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು ಕೂತಿದೆಯಲ್ಲ, ಆ ಪೆಟ್ಟಿಗೆ ವಿಎಫ್‌ಡಿ, ಅಂದರೆ ಮೋಟಾರಿನ ಸ್ಪೀಡ್ ಹೆಚ್ಚುಕಮ್ಮಿ ಮಾಡುವ ಸಾಧನ. ರಿಪೇರಿಗೆ ಹೊರಟಿದೆ. ನಾವೆಲ್ಲ ಸುಮ್ನೆ ಡ್ರೈವ್ ಅನ್ನುತ್ತೇವೆ. ಕಾರ್ಕಳದ ನಮ್ಮ ಕುಚ್ಚಲಕ್ಕಿ ಮಿಲ್ಲಿನಲ್ಲಿ ಡ್ರೈಯರ್‌ನ ಬ್ಲೋವರ್ ಓಡಿಸುವುದು ಇದೇ. ಸ್ಟಾರ್ಟ್ ಕೊಟ್ಟ ಕೂಡಲೇ ಓವರ್ ಕರೆಂಟ್ ಅಂತ ಟ್ರಿಪ್ ಆಗುತ್ತಿತ್ತು. ಮೋಟಾರಿನ ವಯರ್ ಬಿಚ್ಚಿ ನೋಡಿದರೂ ಅದೇ ಕತೆ. ಅಲ್ಲಿಗೆ ಮೋಟಾರಿನ ಮೇಲಿದ್ದ ಅನುಮಾನ ಹೋಯಿತು.

ಬೇಯಿಸಿದ ಭತ್ತ ಡ್ರೈಯರ್‌ನಲ್ಲಿ ಹಾಗೇ ಕೂತರೆ ವಾಸನೆ ಹೊಡೆಯುತ್ತದೆ. ಹಾಗಾಗಿ ಸದ್ಯಕ್ಕೆ ಬ್ಲೋವರನ್ನು ಸ್ಟಾರ್ಟರ್‌ಗೆ ಕೊಟ್ಟು ಫುಲ್ ಸ್ಪೀಡಿನಲ್ಲಿ ಓಡಿಸುತ್ತಿದ್ದೇವೆ. ಕರೆಂಟ್ ಬಿಲ್ ಮಾತ್ರ ಕೇಳಬೇಡಿ! ಬ್ಲೋವರಿನ ಸ್ಪೀಡ್ ಶೇ. 80ಕ್ಕೆ ಇಳಿಸಿದರೆ ಅದಕ್ಕೆ ಬೇಕಾಗುವ ಪವರ್ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ. ಡ್ರೈವ್ ಹಾಕಿಸಿದ್ದೇ ಅದಕ್ಕೆ.

ಬೆಳ್ಮಣ್, ಪಡುಬಿದ್ರಿ, ಮೂಲ್ಕಿ, ಸುರತ್ಕಲ್. ಬಂತು ಬೈಕಂಪಾಡಿ.

ರಿಪೇರಿಯವರು ಕವರ್ ತೆಗೆದು ಮೊದಲು ಮಲ್ಟಿಮೀಟರನ್ನು ಡಿಸಿ ಟರ್ಮಿನಲ್‌ಗೆ ಇಟ್ಟರು. ಒಳಗೆ ಬರುವ 415 ವೋಲ್ಟ್ ಎಸಿ ಇಲ್ಲಿ ಸುಮಾರು 580 ವೋಲ್ಟ್ ಡಿಸಿ ಆಗುತ್ತದೆ. ಲೈನ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕೆಪ್ಯಾಸಿಟರ್‌ನಲ್ಲಿ ಉಳಿದಿರುತ್ತದೆ. "ಬೆಳಿಗ್ಗೆಯೇ ಬಿಚ್ಚಿದ್ದಲ್ವಾ, ಇನ್ನೆಲ್ಲಿಯ ಚಾರ್ಜ್" ಅಂದೆ. ಅವರು ತಲೆಯೂ ಎತ್ತಲಿಲ್ಲ. "ನೋಡಿದರೆ ನಷ್ಟ ಏನುಂಟು ಮಾರಾಯ್ರೆ?"

ಈಗ ಇದನ್ನು ಹತ್ತಿರದಿಂದ ನೋಡಿ. ಬಿಸಿ ಹೊರಹಾಕುವ ಹೀಟ್ ಸಿಂಕ್‌ನ ಸಂದಿಯೆಲ್ಲ ಉಮಿಯ ಧೂಳು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ನೀರುದೋಸೆಯ ಹಾಗೆ ಪದರವೇ ಎದ್ದು ಬಂತು. ಕೂಲಿಂಗ್ ಫ್ಯಾನನ್ನು ಬೆರಳಲ್ಲಿ ತಳ್ಳಿದರೂ ತಿರುಗುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ತಾಮ್ರ ಹಸಿರಾಗಿದೆ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಧೂಳಿಗೆ ತೇವ ಸೇರಿದರೆ ಅದರಲ್ಲೇ ಕರೆಂಟ್ ಹರಿಯುತ್ತದೆ.

ಆಮೇಲೆ ಐಜಿಬಿಟಿ ಮಾಡ್ಯೂಲ್. ಡಿಸಿಯನ್ನು ಮತ್ತೆ ಮೋಟಾರಿಗೆ ಬೇಕಾದ ಫ್ರೀಕ್ವೆನ್ಸಿಗೆ ತಿರುಗಿಸುವುದು ಇದರ ಕೆಲಸ. ಮೀಟರಿನ ಡಯೋಡ್ ಮೋಡಿನಲ್ಲಿ ಎರಡು ಫೇಸ್ 0.4ರ ಆಸುಪಾಸು ತೋರಿಸಿದವು. ಮೂರನೆಯದಕ್ಕೆ ಮೀಟರ್ ಪೀ ಅಂತು. ಶಾರ್ಟ್!

ಮಾಡ್ಯೂಲ್ ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಐಜಿಬಿಟಿ ಹೋಗುವಾಗ ಅದನ್ನು ಆನ್-ಆಫ್ ಮಾಡುವ ಗೇಟ್ ಡ್ರೈವರ್ ಭಾಗವನ್ನೂ ಎಷ್ಟೋ ಸಲ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅದನ್ನು ನೋಡದೆ ಹೊಸದು ಕೂರಿಸಿದರೆ ಹೊಸದೂ ಢಮಾರ್. ಡಿಸ್‌ಪ್ಲೇ ಬಂತು, ತಗೊಂಡು ಹೋಗಿ ಅನ್ನುವ ಅಂಗಡಿಯಿಂದ ನಾನಂತೂ ಡ್ರೈವ್ ಎತ್ತುವುದಿಲ್ಲ. ಡಿಸ್‌ಪ್ಲೇಗೆ ಬೇಕಾದ ಕರೆಂಟ್ ಎಷ್ಟು ಮಹಾ!

ಹೊಸ ಮಾಡ್ಯೂಲ್ ಕೂರಿಸಿದ ಮೇಲೆ ಇವರು ಮೊದಲು ಸೀರೀಸ್‌ನಲ್ಲಿ ಬಲ್ಬ್ ಹಾಕಿ ಲೈನ್ ಕೊಟ್ಟರು. ಒಳಗೆ ಇನ್ನೂ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಡ್ರೈವ್ ಉಳಿಯುತ್ತದೆ. ಆಮೇಲೆ ಮೋಟಾರ್ ಕಟ್ಟಿ, ಲೋಡ್ ಕೊಟ್ಟು, ಮೂರು ಫೇಸ್‌ಗೂ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದರು. ಮೂರೂ ಸಮ. ಫ್ಯಾನ್ ಹೊಸದು, ಬೋರ್ಡಿಗೆ ಕೋಟಿಂಗ್ ಕೂಡ ಆಯಿತು. ಒಂದೆರಡು ಎಚ್‌ಪಿಯ ಡ್ರೈವ್ ಆಗಿದ್ದರೆ ಇಷ್ಟೆಲ್ಲ ಮಾಡಿಸುತ್ತಿರಲಿಲ್ಲ, ಹೊಸದೇ ತರುತ್ತಿದ್ದೆ. ಇದು 20 ಎಚ್‌ಪಿ.

ಹೊರಡುವಾಗ ಅವರು ಹೇಳಿದ್ದು ಒಂದೇ: "ಕೇಬಲ್‌ಗೆ ಮೆಗ್ಗರ್ ಹಾಕುವುದಿದ್ದರೆ ಡ್ರೈವ್ ಬಿಚ್ಚಿಯೇ ಹಾಕಿ." ಮೆಗ್ಗರ್ ಅಂದರೆ ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ನೋಡುವ ಮೀಟರ್, ಅದು ಡ್ರೈವನ್ನೇ ಹಾಳುಮಾಡಬಹುದು. ಮಿಲ್ಲಿನ ಎಲೆಕ್ಟ್ರಿಷಿಯನ್‌ಗೆ ದಾರಿಯಿಂದಲೇ ಫೋನ್ ಮಾಡಿ ಹೇಳಿದೆ. ಪ್ಯಾನೆಲನ್ನು ಉಮಿ ಹಾರುವ ಆ ಗೋಡೆಯಿಂದ ಆಚೆ ರೂಮಿಗೆ ಹಾಕಲು ಎಷ್ಟು ಕೇಬಲ್ ಬೇಕು ಅಂತ ಅಳತೆಯನ್ನೂ ತೆಗೆದಿಡಲು ಹೇಳಿದೆ.