ಅಂಗೈಯಗಲದ ಬೆಟ್ಟ

ಕೇಳುಗರೇ, ನಮಸ್ಕಾರ.

ಹಳೆಯ ಚಿತ್ರ ಅಂಚೆಕಾರ್ಡುಗಳನ್ನು ಸಂಗ್ರಹಿಸುವವರಲ್ಲಿ ಬೆಟ್ಟದ ಮೇಲಿನ ಕೋಟೆಗಳಿಗೆ ಮರುಳಾದವರು ಬಹಳ. ನನಗೂ ಆ ಹುಚ್ಚಿದೆ. ಅದರಲ್ಲೂ ಜರ್ಮನಿಯ ಒಂದೇ ಒಂದು ಬೆಟ್ಟದ ಮೇಲೆ ವಿಶೇಷ ಮೋಹ: ರೈನ್ ನದಿಯ ದಂಡೆಯ ಡ್ರಾಖೆನ್‌ಫೆಲ್ಸ್. ಎತ್ತರ ಕೇವಲ 321 ಮೀಟರ್. ನೆತ್ತಿಯಲ್ಲಿ 17ನೆಯ ಶತಮಾನದ ಯುದ್ಧದಲ್ಲಿ ಹಾಳಾದ ಕೋಟೆಯ ಮುರುಕು ಗೋಪುರವಿದೆ. ಕೊಲೋನಿನ ಮಹಾ ಇಗರ್ಜಿಗೆ ಕಲ್ಲು ಹೋದದ್ದು ಇದೇ ಬೆಟ್ಟದಿಂದ. ಕಲ್ಲು ಕೀಳುವವರು ಆ ಗೋಪುರವನ್ನೂ ಉರುಳಿಸಿಬಿಡುತ್ತಿದ್ದರೇನೋ. 1836ರಲ್ಲಿ, ಆಗ ಆ ಸೀಮೆಯನ್ನು ಆಳುತ್ತಿದ್ದ ಪ್ರಶ್ಯ ರಾಜ್ಯದ ಸರ್ಕಾರ ಬೆಟ್ಟದ ತುದಿಯನ್ನೇ ಕೊಂಡು ಕಾಪಾಡಿತು.

ಕಾರ್ಡುಗಳಲ್ಲಿ ಕಣ್ಣು ಸೆಳೆಯುವುದು ಮಾತ್ರ ಇನ್ನೊಂದು ಕಟ್ಟಡ. ಬೆಟ್ಟದ ನಡುವಿನಲ್ಲಿ ಗೋಪುರ, ಕಮಾನುಗಳಿಂದ ಮೆರೆಯುವ ಡ್ರಾಖೆನ್‌ಬುರ್ಗ್. ನೋಡಿದವರು ರಾಜರ ಕಾಲದ್ದೆಂದೇ ನಂಬುತ್ತಾರೆ. ಅದನ್ನು 1882ರಿಂದ 1884ರೊಳಗೆ ಕಟ್ಟಿಸಿದವನು ಸ್ಟೆಫಾನ್ ಫೊನ್ ಸಾರ್ಟರ್ ಎಂಬ ಹಣಕಾಸಿನ ವ್ಯವಹಾರಸ್ಥ. ಕಟ್ಟಿಸಿದನೇ ಹೊರತು ಅಲ್ಲಿ ಸಂಸಾರ ಹೂಡಲಿಲ್ಲ! ಅದೇ ಹೊತ್ತಿಗೆ, 1883ರಲ್ಲಿ, ಪಕ್ಕದಲ್ಲೇ ಹಲ್ಲುಗಾಲಿಯ ರೈಲು, ಅಂದರೆ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಏರುವ ರೈಲು, ಬಂತು. ಹಾದಿ ಸುಮಾರು ಒಂದೂವರೆ ಕಿಲೋಮೀಟರ್. ಕಡಿದಾದ ಕಡೆ ನೂರು ಮೀಟರಿಗೆ ಇಪ್ಪತ್ತು ಮೀಟರ್ ಏರು. ಉಗಿಯಂತ್ರ ಕೆಳಗಿನಿಂದ ಡಬ್ಬಿಯನ್ನು ನೂಕುತ್ತಿತ್ತು. ಅಂದರೆ ಕಾರ್ಡಿನ 'ಪ್ರಾಚೀನ' ಅರಮನೆಗೂ ಹೊಗೆಯುಗುಳುವ ರೈಲಿಗೂ ಒಂದೇ ವಯಸ್ಸು. ರೈಲು ಬಂದ ಮೇಲೂ ಪ್ರವಾಸಿಗರನ್ನು ಹೊತ್ತು ಹತ್ತುವ ಕತ್ತೆಗಳು ಕಾರ್ಡಿನಿಂದ ಕೆಳಗಿಳಿಯಲಿಲ್ಲ. ನನ್ನ ಮಟ್ಟಿಗೆ ಕೋಟೆಗಿಂತ ಈ ಕತ್ತೆಗಳೇ ಹೆಚ್ಚು ಬೆಲೆಯುಳ್ಳವು.

ಬೆಳದಿಂಗಳ ಕಾರ್ಡುಗಳನ್ನು ಕಂಡರೆ ನನಗೆ ನಗು. ಹಗಲಿನ ಚಿತ್ರಕ್ಕೇ ನೀಲಿ ಬಳಿದು, ಮೂಲೆಯಲ್ಲಿ ಚಂದ್ರನನ್ನು ಕೂರಿಸಿ, ಕಿಟಕಿಗಳಿಗೆ ಹಳದಿ ತುಂಬಿ ಮಾರುತ್ತಿದ್ದರು. ಆದರೂ ಕೊಳ್ಳದೆ ಬಿಟ್ಟಿಲ್ಲ.

ಇನ್ನು ಹಿಂಬದಿ. ಮೊದಲ ಅಂಚೆಕಾರ್ಡು ಹೊರಟದ್ದು 1869ರಲ್ಲಿ, ಆಸ್ಟ್ರಿಯಾ-ಹಂಗೆರಿಯಲ್ಲಿ; ಅದರಲ್ಲಿ ಚಿತ್ರವಿರಲಿಲ್ಲ. ಚಿತ್ರ ಬಂದ ಮೇಲೂ ಬಹುಕಾಲ ಒಂದು ಮಗ್ಗುಲು ಪೂರ್ತಿ ವಿಳಾಸಕ್ಕೇ ಮೀಸಲು. ಒಕ್ಕಣೆ ಬರೆಯಲು ಚಿತ್ರದ ಅಂಚಿನ ಬಿಳಿ ಜಾಗವೇ ಗತಿ. ಅದಕ್ಕೇ ಆ ಕಾಲದ ಕಾರ್ಡುಗಳಲ್ಲಿ ಮೋಡದ ಮೇಲೆ, ನದಿಯ ಮೇಲೆ ಅಕ್ಷರಗಳು ಹರಿದಾಡುತ್ತವೆ. ಜರ್ಮನಿಯಲ್ಲಿ 1905ರಲ್ಲಿ ಹಿಂಬದಿಯನ್ನು ಗೆರೆಯೆಳೆದು ಎರಡಾಗಿಸಿದರು: ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ. ಬಳಸದ, ಹೊಳೆಯುವ ಕಾರ್ಡೇ ಶ್ರೇಷ್ಠವೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಳೆಯನ್ನೋ ಊಟದ ದರವನ್ನೋ ಬೈದು ಯಾರೋ ಬರೆದ ನಾಲ್ಕು ಸಾಲು ನನಗೆ ಬೇಕು.

ಅಂಚೆ ಮುದ್ರೆಯ ತಾರೀಖನ್ನೂ ಪೂರ್ತಿ ನಂಬಬೇಡಿ. ಅದು ಕಾರ್ಡು ಹೊರಟ ದಿನ. ಅಚ್ಚಾದ ಮೇಲೆ ಅಂಗಡಿಯಲ್ಲಿ ಎಷ್ಟು ವರ್ಷ ಕೂತಿತ್ತೋ! ಆದರೆ ಮಾರುವವರು ಜರ್ಮನಿಯ ಕಾರ್ಡೊಂದನ್ನು 1900ರದ್ದೆಂದು ಹೇಳಿ, ಹಿಂದೆ ತಿರುಗಿಸಿದಾಗ ನಡುವೆ ಗೆರೆ ಕಂಡರೆ, ಧೈರ್ಯವಾಗಿ ಚೌಕಾಸಿ ಮಾಡಿ. ನಮಸ್ಕಾರ.