ಸರಗಳ್ಳತನದ ಸುದ್ದಿಗೆ ಬೈಕಿನ ಕಂಪನಿ ಏಕೆ?

ಕೇಳುಗರಿಗೆ ನಮಸ್ಕಾರ. ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ಅಪರಾಧ ಸುದ್ದಿ ಬರೆಯುವ ಯುವ ವರದಿಗಾರರು ಈಗ ರೇಡಿಯೊ ಮುಂದೆ ಇದ್ದರೆ ಅವರಿಗೆ ನನ್ನದು ಒಂದೇ ಮಾತು: ಸರಗಳ್ಳತನದ ಸುದ್ದಿಯಲ್ಲಿ ಬೈಕಿನ ಕಂಪನಿ ಬರೆಯಬೇಡಿ, ನಂಬರ್ ಬರೆಯಿರಿ.

‘ಕಪ್ಪು ಪಲ್ಸರ್‌ನಲ್ಲಿ ಬಂದ ದುಷ್ಕರ್ಮಿಗಳು’ ಎಂಬ ಸಾಲನ್ನು ನೀವೆಲ್ಲ ಓದಿದ್ದೀರಿ. ಪಲ್ಸರ್ ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಇಂದು ಸಿಂಧನೂರಿನಲ್ಲಾಗಲಿ ಗಂಗಾವತಿಯಲ್ಲಾಗಲಿ ಅದಿಲ್ಲದ ಓಣಿ ಯಾವುದು? ಹಿಂದೆ ಯಮಹಾ ಆರ್‌ಎಕ್ಸ್ 100 ಬೈಕ್ ಓಡಿಸುವವರಿಗೆಲ್ಲ ಪುಂಡರೆಂಬ ಹೆಸರಿತ್ತು. 1996ರಲ್ಲಿ ಅದರ ತಯಾರಿಕೆ ನಿಂತಿತು, ಅಪವಾದ ನಿಲ್ಲಲಿಲ್ಲ.

ನಮ್ಮ ಪಕ್ಕದ ಮನೆಯ ಹುಡುಗನ ಕಥೆ ಕೇಳಿ. ತೋರಣಗಲ್ಲಿನಲ್ಲಿ ರಾತ್ರಿ ಪಾಳಿಯ ಕೆಲಸ. ಸಾಲದ ಕಂತು ಕಟ್ಟಿ ಕಪ್ಪು ಪಲ್ಸರ್ ಕೊಂಡಿದ್ದ. ನಮ್ಮ ಬಡಾವಣೆಯಲ್ಲಿ ಒಬ್ಬ ತಾಯಿಯ ಸರ ಹೋಯಿತು. ಗಾಬರಿಯಲ್ಲಿ ಆಕೆ ‘ಪಲ್ಸರ್ ಇದ್ದ ಹಾಗಿತ್ತು’ ಎಂದರು. ಮರುದಿನದ ಪತ್ರಿಕೆಯಲ್ಲಿ ‘ಇದ್ದ ಹಾಗೆ’ ಮಾಯವಾಗಿ ‘ಪಲ್ಸರ್ ಕಳ್ಳರು’ ಎಂಬ ತಲೆಬರಹ ಬಂತು. ಅಂದು ಬೆಳಿಗ್ಗೆ ಪಾಳಿ ಮುಗಿಸಿ ಬರುತ್ತಿದ್ದ ಹುಡುಗ ಕುಡಿತಿನಿಯಲ್ಲಿ ಚಹಾ ಕುಡಿಯಲು ನಿಂತ. ನಾಲ್ಕು ಜನ ಸುತ್ತುವರಿದು ಬೈಕಿನ ಕೀ ಕಿತ್ತುಕೊಂಡರು. ಗುರುತಿನ ಚೀಟಿ ತೋರಿಸಿದ, ಆರ್‌ಸಿ ತೋರಿಸಿದ, ಕೊನೆಗೆ ಕಾರ್ಖಾನೆಯ ಮೇಲ್ವಿಚಾರಕರಿಂದ ಫೋನಿನಲ್ಲಿ ಹೇಳಿಸಿದ ಮೇಲೆ ಬಿಟ್ಟರು. ಓಣಿಗೆ ಬಂದರೆ, ದಿನಾ ‘ಊಟ ಆಯಿತೇನಪ್ಪ’ ಎನ್ನುತ್ತಿದ್ದ ಅಜ್ಜಿ ಸೆರಗಿನಿಂದ ಕೊರಳು ಮುಚ್ಚಿಕೊಂಡು ಒಳಗೆ ಹೋದರು. ಹುಡುಗನ ತಾಯಿ ಹಟ ಹಿಡಿದು ಬೈಕು ಮಾರಿಸಿದರು. ಕೆಲವು ವಾರಗಳ ನಂತರ ಕಳ್ಳರು ಸಿಕ್ಕರು. ಅವರ ಬೈಕು ಬೇರೆ ಕಂಪನಿಯದು! ಆಗ ಅದೇ ಪತ್ರಿಕೆ ಬರೆದದ್ದು ಬರೀ ‘ಬೈಕ್’ ಎಂದು. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ.

ಕಳ್ಳರು ಸುಳ್ಳು ನಂಬರ್ ಹಾಕಿರುತ್ತಾರಲ್ಲ ಎಂದು ಕೇಳುತ್ತೀರಿ. ಹಾಕಿರಲಿ. ಸುಳ್ಳು ನಂಬರನ್ನೂ ಮುಂದಿನ ವೃತ್ತದ ಕ್ಯಾಮೆರಾದಲ್ಲಿ ಹುಡುಕಬಹುದು. ಪಲ್ಸರ್ ಎಂದು ಹುಡುಕಹೊರಟರೆ ಅರ್ಧ ಊರನ್ನೇ ನಿಲ್ಲಿಸಬೇಕು. ನಂಬರ್ ಸಿಗದಿದ್ದರೆ ಒಡೆದ ದೀಪ, ಸವಾರನ ಅಂಗಿಯ ಬಣ್ಣ ಬರೆಯಿರಿ. ಕಂಪನಿ ಬೇಡ.

ಟಿವಿ ವಾಹಿನಿಗಳ ಬಗ್ಗೆಯೂ ಹೇಳಬೇಕಿತ್ತು, ಸಮಯ ಸಾಲದು. ಕೇಳುಗರೇ, ನಿಮ್ಮ ಕಣ್ಣೆದುರೇ ಸರ ಕಿತ್ತರೆ 112ಕ್ಕೆ ಕರೆ ಮಾಡಿ. ನಂಬರ್ ಪ್ಲೇಟಿನಲ್ಲಿ ಕೆಎ 34 ಇದ್ದರೆ ಬಳ್ಳಾರಿ, 36 ರಾಯಚೂರು, 37 ಕೊಪ್ಪಳ. ಇದರಲ್ಲಿ ಯಾವುದು, ಕೊನೆಯ ನಾಲ್ಕು ಅಂಕಿ ಯಾವುವು, ಬೈಕು ಯಾವ ರಸ್ತೆಗೆ ತಿರುಗಿತು, ಇಷ್ಟನ್ನು ಮೊದಲು ಹೇಳಿ.