ಮನೆ ಕಾಯಲು ಬಂದೂಕು

ಕಲಬುರಗಿ ಆಕಾಶವಾಣಿಯ ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

2025ರ ಜನವರಿ 16ರಂದು ಬೀದರ್ ನಗರದಲ್ಲಿ, ಹಾಡಹಗಲಲ್ಲಿ, ಎಟಿಎಂಗೆ ತುಂಬಬೇಕಾದ ಹಣ ಸಾಗಿಸುತ್ತಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಒಬ್ಬರ ಜೀವ ಹೋಯಿತು, ಹಣದ ಪೆಟ್ಟಿಗೆಯೂ ಹೋಯಿತು. ಅದು ನಡೆದದ್ದು ನಡುಬೀದಿಯಲ್ಲಿ. ಭಯ ಬಂದು ಕುಳಿತದ್ದು ನಮ್ಮ ಮನೆಗಳೊಳಗೆ. ನಾನು ಕ್ರಿಮಿನಲ್ ಮೊಕದ್ದಮೆ ನಡೆಸುವ ವಕೀಲ. ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ ಕೂಡ ಜನ ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಾರೆ: "ವಕೀಲ ಸಾಹೇಬರೇ, ಮನೆಗೆ ಒಂದು ಬಂದೂಕಿನ ಲೈಸೆನ್ಸ್ ಮಾಡಿಸಿಕೊಡುತ್ತೀರೇನು?"

ಮಾಡಿಸಬಹುದು. ಕಾನೂನು ಬಾಗಿಲು ಮುಚ್ಚಿಲ್ಲ. 1959ರ ಆಯುಧ ಕಾಯ್ದೆಯ 13ನೆಯ ಕಲಮಿನಲ್ಲಿ, ರಕ್ಷಣೆಗಾಗಿ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯುಳ್ಳ, ಒಳಮೈ ನುಣುಪಾದ ಬಂದೂಕಿಗೆ ಲೈಸೆನ್ಸ್ ಕೊಡುವ ಮಾತು ಸ್ಪಷ್ಟವಾಗಿಯೇ ಇದೆ. ನಮ್ಮ ಕಡೆ ಒಂಟಿ ನಳಿಗೆ, ಜೋಡಿ ನಳಿಗೆ ಎಂದು ಕರೆಯುವ ಹನ್ನೆರಡು ಬೋರಿನ ಬಂದೂಕು ಅದೇ. ವಯಸ್ಸು 21 ತುಂಬಿರಬೇಕು. ಅರ್ಜಿ ಜಿಲ್ಲಾಧಿಕಾರಿಗೆ, ಕಮಿಷನರೇಟ್ ಇರುವ ನಗರದಲ್ಲಾದರೆ ಪೊಲೀಸ್ ಕಮಿಷನರಿಗೆ. ವೈದ್ಯರ ಪ್ರಮಾಣಪತ್ರ ಬೇಕು, ಆಯುಧವನ್ನು ಎಲ್ಲಿ ಭದ್ರವಾಗಿ ಇಡುತ್ತೀರಿ ಎಂಬ ಮುಚ್ಚಳಿಕೆ ಬೇಕು, ಬಳಕೆಯ ತರಬೇತಿ ಬೇಕು. ಪೊಲೀಸರು ನಿಮ್ಮ ಓಣಿಗೆ ಬಂದು ವಿಚಾರಿಸುತ್ತಾರೆ: ಈ ಮನುಷ್ಯ ಕುಡಿಯುತ್ತಾನೆಯೇ, ಯಾರೊಂದಿಗಾದರೂ ಜಗಳವಿದೆಯೇ, ಹೊಲದ ವ್ಯಾಜ್ಯ ಇದೆಯೇ? 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಆಯುಧ ಇರುವಂತಿಲ್ಲ, ಲೈಸೆನ್ಸಿನ ಅವಧಿ ಐದು ವರ್ಷ. ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಲು ಹೇಳಿ ಕಳಿಸುತ್ತಾರೆ. "ಕೊಡಗಿನವರಿಗೆ ಇದ್ಯಾವುದೂ ಇಲ್ಲವಲ್ಲ" ಎಂದು ಕೆಲವರು ವಾದಿಸುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಅದು ಅವರ ಮಾತು; ನಮಗೆ ಅನ್ವಯಿಸುವುದಿಲ್ಲ.

ಲೈಸೆನ್ಸ್ ಸಿಕ್ಕಿತು ಎಂದುಕೊಳ್ಳೋಣ. ಗುಂಡು ಯಾವಾಗ ಹಾರಿಸಬಹುದು ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ಜನರ ತಲೆಯಲ್ಲಿರುವ ಕಾನೂನು ಬಹುಪಾಲು ಮೊಬೈಲಿನಲ್ಲಿ ನೋಡಿದ ಅಮೆರಿಕದ ಕಾನೂನು. ಅಲ್ಲಿ 1791ರಿಂದ ಸಂವಿಧಾನದ ಎರಡನೆಯ ತಿದ್ದುಪಡಿ ಇದೆ. ಮನೆಯಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ಪ್ರಜೆಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ನಮ್ಮ ಸಂವಿಧಾನದಲ್ಲಿ ಬಂದೂಕಿನ ಹಕ್ಕು ಎಂಬುದಿಲ್ಲ. ನಮಗಿರುವುದು ಆತ್ಮರಕ್ಷಣೆಯ ಹಕ್ಕು. ಅದು ಬಡಿಗೆ ಹಿಡಿದವನಿಗೂ ಬಂದೂಕು ಹಿಡಿದವನಿಗೂ ಒಂದೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳು ಈ ಹಕ್ಕಿಗೆ ಮೀಸಲು. ಹಳೆಯ ದಂಡ ಸಂಹಿತೆಯ 96ರಿಂದ 106 ಇದ್ದವಲ್ಲ, ಅವೇ ಇವು. ಇವುಗಳಲ್ಲಿ ಮನೆಯವರು ತಿಳಿಯಬೇಕಾದದ್ದು 41ನೆಯದು. ಸುಲಿಗೆ ನಡೆಯುತ್ತಿದ್ದರೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಯಾರಾದರೂ ಮನೆಗೆ ಕನ್ನ ಹಾಕಿದರೆ, ಜನ ವಾಸಿಸುವ ಮನೆಗೆ ಬೆಂಕಿ ಇಟ್ಟರೆ, ಅಥವಾ ಕಳ್ಳತನಕ್ಕೆ ಬಂದವನಿಂದ ಜೀವ ಹೋದೀತು ಇಲ್ಲವೇ ತೀವ್ರ ಗಾಯವಾದೀತು ಎಂಬ ಭಯಕ್ಕೆ ತಕ್ಕ ಕಾರಣವಿದ್ದರೆ, ಎದುರಾಳಿಯ ಪ್ರಾಣ ಹೋಗುವಷ್ಟರ ಮಟ್ಟಿಗೂ ರಕ್ಷಣೆಯ ಹಕ್ಕು ಚಾಚುತ್ತದೆ. ಕನ್ನ ಎಂದರೆ ಗೋಡೆ ಕೊರೆಯುವುದಷ್ಟೇ ಅಲ್ಲ. ಬೀಗ ತೆರೆದು ಬಂದರೂ, ಗೋಡೆ ಹತ್ತಿ ಬಂದರೂ, ಚಿಲಕ ಹಾಕಿದ ಬಾಗಿಲು ತೆರೆದು ಬಂದರೂ ಕಾನೂನಿನ ಲೆಕ್ಕದಲ್ಲಿ ಅದು ಕನ್ನವೇ.

ಇಷ್ಟು ಹೇಳುವಷ್ಟರಲ್ಲಿ ಕೇಳುವವರ ಮುಖ ಅರಳುತ್ತದೆ. ಆ ಕಲಮು ಶುರುವಾಗುವುದೇ "37ನೆಯ ಕಲಮಿನ ನಿರ್ಬಂಧಗಳಿಗೆ ಒಳಪಟ್ಟು" ಎಂದು. ಅದನ್ನು ಯಾರೂ ಓದಿರುವುದಿಲ್ಲ. 37ರಲ್ಲಿ ಮನೆಯವರು ತಿಳಿಯಬೇಕಾದ ಎರಡು ಮಾತುಗಳಿವೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಹುಟ್ಟುವುದೇ ಇಲ್ಲ. ಹುಟ್ಟಿದರೂ, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. 43ನೆಯ ಕಲಮು ಕಾಲವನ್ನೂ ಗೊತ್ತುಮಾಡುತ್ತದೆ: ರಾತ್ರಿ ಕನ್ನ ಹಾಕಿದವನ ವಿರುದ್ಧದ ಹಕ್ಕು ಅವನು ಮನೆಯೊಳಗೆ ಇರುವಷ್ಟು ಹೊತ್ತು ಮಾತ್ರ. ಕಂಪೌಂಡ್ ಹಾರಿ ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದರೆ, ಸರ್ಕಾರಿ ವಕೀಲರು ಕೇಳುವ ಮೊದಲ ಪ್ರಶ್ನೆಗೆ ನನ್ನ ಬಳಿ ಉತ್ತರ ಇರುವುದಿಲ್ಲ. ಗಾಯ ಎದೆಯಲ್ಲಿದೆಯೋ ಬೆನ್ನಿನಲ್ಲಿದೆಯೋ ಎಂಬುದನ್ನು ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಬದಲಾಯಿಸಲು ಯಾವ ವಕೀಲನಿಗೂ ಆಗದು.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಟೋನಿ ಮಾರ್ಟಿನ್ ಎಂಬ ರೈತ ಹೊಲದ ನಡುವಿನ ಮನೆಯಲ್ಲಿ ಒಂಟಿಯಾಗಿದ್ದ. ಹಿಂದೆಯೂ ಕಳ್ಳರ ಕಾಟ ಅನುಭವಿಸಿದ್ದವನು. 1999ರ ಆಗಸ್ಟ್‌ನಲ್ಲಿ ರಾತ್ರಿ ಇಬ್ಬರು ಮನೆಗೆ ನುಗ್ಗಿದಾಗ ಲೈಸೆನ್ಸ್ ಇಲ್ಲದ ಬಂದೂಕಿನಿಂದ ಹೊಡೆದ. ಸತ್ತವನು ಹದಿನಾರರ ಹುಡುಗ, ಗುಂಡು ಬಿದ್ದದ್ದು ಬೆನ್ನಿಗೆ. ಕೊಲೆಯೆಂದು ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಕೊಲೆಯಲ್ಲದ ನರಹತ್ಯೆಯೆಂದು ಇಳಿಯಿತು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಲದ ಮನೆಯಲ್ಲಿ ಮಲಗುವ ರೈತನಿಗೆ ಆ ಮನುಷ್ಯನ ಮೇಲೆ ಮರುಕ ಹುಟ್ಟುತ್ತದೆ, ನನಗೂ ಹುಟ್ಟುತ್ತದೆ. ಮರುಕದಿಂದ ಖುಲಾಸೆ ಸಿಗುವುದಿಲ್ಲ.

ಕಾನೂನು ಹಾಗಿರಲಿ, ನಮ್ಮ ಮನೆಗಳನ್ನೇ ನೋಡಿ. ಶಹಾಬಾದ್ ಕಲ್ಲಿನ ಗೋಡೆ, ಕೆಳಗೆ ಫರ್ಸಿ. ಕಲ್ಲಿಗೆ ಓರೆಯಾಗಿ ಬಡಿದ ಗುಂಡು ಸಿಡಿದು ಯಾವ ಕಡೆ ತಿರುಗುತ್ತದೆ ಎಂದು ಹಾರಿಸಿದವನಿಗೂ ತಿಳಿಯದು. ತಗಡಿನ ಮನೆಯಾದರೆ ಗುಂಡು ತಡೆಯಿಲ್ಲದೆ ಹಾಯ್ದು ಪಕ್ಕದ ಮನೆಯಲ್ಲಿ ಮಲಗಿದವರನ್ನು ಮುಟ್ಟುತ್ತದೆ. "ಛರ್ರೆಯ, ಅಂದರೆ ಸಣ್ಣ ಸಣ್ಣ ಗುಂಡುಗಳ, ತೋಟಾ ಹಾಕಿದರೆ ಹರಡಿಕೊಂಡು ಹೋಗುತ್ತದೆ, ಗುರಿ ಬೇಕಿಲ್ಲ" ಎನ್ನುವವರಿದ್ದಾರೆ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಛರ್ರೆ ಅಂಗೈಯಗಲಕ್ಕಿಂತ ಹೆಚ್ಚು ಹರಡುವುದಿಲ್ಲ. ನಡುಗುವ ಕೈಯಿಂದ ಹಾರಿಸಿದರೆ ಪೂರ್ತಿ ತಪ್ಪುತ್ತದೆ, ಇಲ್ಲವೇ ಪೂರ್ತಿ ತಗಲುತ್ತದೆ. ಉದ್ದನೆಯ ನಳಿಗೆಯನ್ನು ಕತ್ತಲಲ್ಲಿ ಇಕ್ಕಟ್ಟಾದ ಪಡಸಾಲೆಯಲ್ಲಿ ತಿರುಗಿಸುವುದೂ ಸುಲಭವಲ್ಲ. ಕೋಟೆಯ ಮೇಲೆ 29 ಅಡಿ ಉದ್ದದ ತೋಪು ಇಟ್ಟುಕೊಂಡಿರುವ ಊರಿನವರು ನಾವು, ಉದ್ದ ನಳಿಗೆಯ ಮೇಲಿನ ಮೋಹವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ.

ಬೇಸಿಗೆಯಲ್ಲಿ ಇನ್ನೊಂದು ವಿಚಿತ್ರವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತಮೂರು, ನಲವತ್ತನಾಲ್ಕು ಡಿಗ್ರಿ ಮುಟ್ಟಿದಾಗ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗೆ ಏರುತ್ತೇವೆ. ಬಂದೂಕು ಎಲ್ಲಿರುತ್ತದೆ? ಕೆಳಗಿನ ಕೋಣೆಯ ಅಲಮಾರಿಯಲ್ಲಿ, ಒಡವೆಗಳ ಪಕ್ಕದಲ್ಲಿ. ಅಂದರೆ ಕಳ್ಳ ಬಂದರೆ ಬಂದೂಕು ಅವನ ಹತ್ತಿರ ಇರುತ್ತದೆ, ನಾವು ಮೇಲಿರುತ್ತೇವೆ. ಮಾಳಿಗೆಗೇ ಒಯ್ಯೋಣವೆಂದರೆ ಅಲ್ಲಿ ಮಕ್ಕಳು, ಮೊಮ್ಮಕ್ಕಳು, ಬಂದ ಬೀಗರು. ಮಕ್ಕಳಿರುವ ಮನೆಯಲ್ಲಿ ಬಂದೂಕು ಖಾಲಿಯಾಗಿ ಬೀಗದೊಳಗೆ, ತೋಟಾ ಬೇರೆ ಕಡೆ, ಕೀಲಿ ಇನ್ನೊಂದು ಕಡೆ ಇರಬೇಕು. ಹಾಗೆ ಇಟ್ಟ ಬಂದೂಕನ್ನು ನಡುರಾತ್ರಿ ನಿದ್ದೆಗಣ್ಣಿನಲ್ಲಿ ತೆಗೆದು, ತುಂಬಿ, ಗುರಿ ಹಿಡಿಯುವ ಹೊತ್ತಿಗೆ ಬಂದವನು ಓಣಿ ದಾಟಿರುತ್ತಾನೆ. ಕೈಗೆ ತಕ್ಷಣ ಸಿಗುವಂತೆ ಇಟ್ಟರೆ ಮೊದಲು ಸಿಗುವುದು ಮಗುವಿನ ಕೈಗೆ. ಈ ಗಂಟು ಬಿಡಿಸಿದವರನ್ನು ನಾನು ಕಂಡಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಕತ್ತಲಲ್ಲಿ ನಿಂತ ಆಕೃತಿ ಯಾರದು ಎಂಬ ಪ್ರಶ್ನೆ. ನಮ್ಮ ಜಿಲ್ಲೆಗಳಿಂದ ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗದ ಊರಿಲ್ಲ. ಮಗ ರಾತ್ರಿಯ ರೈಲಿಗೆ ಇಳಿಯುತ್ತಾನೆ. ಮೊಬೈಲಿನ ಚಾರ್ಜ್ ಮುಗಿದಿದೆ, ಗೇಟಿಗೆ ಬೀಗ ಹಾಕಿದೆ, ಮುದುಕರನ್ನು ಎಬ್ಬಿಸುವುದೇಕೆ ಎಂದು ಗೋಡೆ ಹಾರುತ್ತಾನೆ. ಕರೆಂಟ್ ಹೋಗಿದೆ. ಒಳಗೆ ಬಂದೂಕು ಇದ್ದರೆ ಮುಂದೇನು? ಅಥವಾ ಕುಡಿದು ಮನೆ ತಪ್ಪಿದ ಪಕ್ಕದ ಓಣಿಯವನು. ಅಥವಾ ನೆನಪಿನ ಶಕ್ತಿ ಕುಂದಿ ರಾತ್ರಿ ಎದ್ದು ತಿರುಗುವ ಸ್ವಂತ ಅಜ್ಜ.

ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್ ಮೊಕದ್ದಮೆಯನ್ನು ಕಿರಿಯ ವಕೀಲರಿಗೆ ನಾನು ಓದಲು ಹೇಳುತ್ತೇನೆ. 2013ರ ಫೆಬ್ರುವರಿ 14ರ ನಸುಕಿನಲ್ಲಿ ಅವನು ತನ್ನ ಮನೆಯ ಶೌಚಾಲಯದ ಮುಚ್ಚಿದ ಬಾಗಿಲಿನ ಮೂಲಕ ನಾಲ್ಕು ಗುಂಡು ಹಾರಿಸಿದ. ಒಳಗಿದ್ದವಳು ಅವನ ಗೆಳತಿ. ಒಳಗೆ ಕಳ್ಳ ನುಗ್ಗಿದ್ದಾನೆಂದು ತಿಳಿದೆ ಎಂಬುದು ಅವನ ವಾದ. 2015ರ ಕೊನೆಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಕೊಲೆಯೆಂದೇ ತೀರ್ಮಾನಿಸಿತು. ಅದರ ತರ್ಕ ಹೀಗಿತ್ತು: ಬಾಗಿಲ ಹಿಂದೆ ಯಾರೇ ಇರಲಿ, ಅಷ್ಟು ಇಕ್ಕಟ್ಟಾದ ಕೋಣೆಗೆ ನಾಲ್ಕು ಗುಂಡು ಹೊಡೆದರೆ ಒಳಗಿರುವವರು ಸಾಯಬಹುದೆಂದು ಹೊಡೆದವನಿಗೆ ಗೊತ್ತಿರಲೇಬೇಕು. ಅವನು ಲೈಸೆನ್ಸ್ ಇದ್ದವನು, ಬಂದೂಕು ಬಳಸಿ ರೂಢಿಯಿದ್ದವನು. "ಯಾರದು?" ಎಂದು ಕೂಗಿ, ಉತ್ತರ ಬರುವ ತನಕ ಕಾಯಲಿಲ್ಲ.

ಗುಂಡು ನ್ಯಾಯವಾಗಿಯೇ ಹಾರಿತು ಎಂದಿಟ್ಟುಕೊಂಡರೂ ಮರುದಿನದಿಂದ ಮನೆಯವನೇ ಆರೋಪಿ. ಬಂದೂಕು ಜಪ್ತಿಯಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ, ಲೈಸೆನ್ಸ್ ಅಮಾನತಾಗಬಹುದು. ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ಅವನದೇ. ಪ್ರಾಣಭಯದಲ್ಲಿದ್ದವನ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದೆಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಆ ಮಾತು ಕಿವಿಗೆ ಬೀಳುವ ತನಕ ಎಷ್ಟು ವಾಯಿದೆಗಳು ಕಳೆದಿರುತ್ತವೆ ಎಂಬುದು ಕೋರ್ಟ್ ಕಟ್ಟೆ ಹತ್ತಿದವರಿಗೆ ಗೊತ್ತು.

ನಮ್ಮ ಕಡೆಯ ಕಳ್ಳತನದ ರೀತಿಯನ್ನೂ ಗಮನಿಸಬೇಕು. ಕಳ್ಳರು ಹುಡುಕುವುದು ಬೀಗ ಹಾಕಿದ ಮನೆ. ಶರಣಬಸವೇಶ್ವರ ಜಾತ್ರೆಗೆ, ಗಾಣಗಾಪುರಕ್ಕೆ, ಬೀಗರ ಊರಿನ ಮದುವೆಗೆ ಹೋದಾಗ ಮನೆ ಒಡೆಯುತ್ತಾರೆ. ತೊಗರಿ ಮಾರಿ ಹಣ ಕೈಗೆ ಬಂದ ದಿನಗಳಲ್ಲಂತೂ ಹೆಚ್ಚು ಕಣ್ಣಿಡುತ್ತಾರೆ. ಖಾಲಿ ಮನೆಯ ಬಂದೂಕು ಯಾರನ್ನೂ ಕಾಯುವುದಿಲ್ಲ, ಅದೇ ಕಳುವಾಗುತ್ತದೆ. ಇನ್ನು ಬಂದೂಕು ಗುರಿ ಬದಲಿಸುವುದೂ ಉಂಟು. ಕಳ್ಳನಿಗೆಂದು ತಂದದ್ದು ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರ ನಡುವೆ ಹೊರಬರುತ್ತದೆ. ಸಾಲ ಹೆಚ್ಚಾದ ರಾತ್ರಿ ಅದು ಮನೆಯಲ್ಲಿರುವುದೇ ಅಪಾಯ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿದರಂತೂ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸಿನ ಗೋಜೇ ಬೇಡವೆಂದು ನಾಡ ಪಿಸ್ತೂಲು ಕೊಳ್ಳುವವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಭೀಮಾ ತೀರದ ಊರುಗಳಲ್ಲಿ ಅದರಿಂದ ಏನೇನಾಯಿತೆಂದು ನಿಮಗೇ ತಿಳಿದಿದೆ.

ಹಾಗಾದರೆ ಸುಮ್ಮನೆ ಮಲಗಬೇಕೇ ಎಂದು ಕೇಳುತ್ತೀರಿ. ನಮ್ಮ ಹಿರಿಯರ ವಾಡೆಗಳಲ್ಲಿ ಹೊರಗೋಡೆಗೆ ಕಿಟಕಿಯೇ ಇರಲಿಲ್ಲ, ಬಾಗಿಲ ಹಿಂದೆ ತೋಳಿನಷ್ಟು ದಪ್ಪದ ಅಗಳಿ ಇತ್ತು. ಈಗ ನಾವು ಮುಂದಿನ ಬಾಗಿಲಿಗೆ ಸಾಗುವಾನಿ ಹಾಕಿ, ಹಿತ್ತಲಿಗೆ ಪ್ಲೈವುಡ್ ಹಾಕುತ್ತೇವೆ. ಒಂದು ಬಂದೂಕಿನ ಬೆಲೆಯಲ್ಲಿ ಹಿತ್ತಲಿನ ಕಬ್ಬಿಣದ ಬಾಗಿಲು, ಮಾಳಿಗೆಯ ಮೆಟ್ಟಿಲಿಗೆ ಗ್ರಿಲ್, ಅಂಗಳಕ್ಕೆ ತಾನಾಗಿ ಉರಿಯುವ ದೀಪ, ಎಲ್ಲವೂ ಆಗುತ್ತವೆ. ಸದ್ದು ಕೇಳಿದರೆ ಮಲಗುವ ಕೋಣೆಯ ಚಿಲಕ ಹಾಕಿ 112ಕ್ಕೆ ಫೋನ್ ಮಾಡಿ, ದೀಪ ಹಚ್ಚಿ, ಓಣಿಯೆಲ್ಲ ಏಳುವಂತೆ ಕೂಗಿ. ನಮ್ಮ ಓಣಿಗಳಲ್ಲಿ ಒಬ್ಬರು ಕೂಗಿದರೆ ಹತ್ತು ಬಾಗಿಲು ಇನ್ನೂ ತೆರೆಯುತ್ತವೆ, ನಾಯಿಗಳದ್ದು ಬೇರೆ. ಊರ ಹೊರಗೆ ಹೊಲದಲ್ಲಿ ಒಂಟಿ ಮನೆ ಮಾಡಿರುವವರಿಗೆ ಈ ಅನುಕೂಲವಿಲ್ಲ ಎಂಬುದನ್ನು ಒಪ್ಪುತ್ತೇನೆ. ಅಂಥವರು ಲೈಸೆನ್ಸ್ ಕೇಳಿಕೊಂಡು ಬಂದರೆ ನಾನು ಅರ್ಜಿ ಬರೆದುಕೊಡುತ್ತೇನೆ, ತರಬೇತಿ ಮುಗಿಸದೆ ಬಂದೂಕು ಕೊಳ್ಳಬೇಡಿ ಎಂದೂ ಹೇಳುತ್ತೇನೆ.

ಇನ್ನು ಹಳೆಯ ವಾಡೆಗಳಲ್ಲಿ ನಿಜಾಮರ ಕಾಲದಿಂದ ಗೂಟಕ್ಕೆ ತೂಗಿಬಿಟ್ಟ ಅಜ್ಜನ ಬಂದೂಕುಗಳಿವೆ. ಲೈಸೆನ್ಸ್ ಇದ್ದ ಅಜ್ಜ ತೀರಿಕೊಂಡ ಮೇಲೆ, ಗುಂಡು ಹಾರುವ ಸ್ಥಿತಿಯಲ್ಲಿರುವ ಅಂಥ ಬಂದೂಕನ್ನು ಮನೆಯಲ್ಲಿ ಇಟ್ಟುಕೊಂಡರೆ ನೀವು ಅಪರಾಧದ ಅಂಚಿನಲ್ಲಿದ್ದೀರಿ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅದು ಸಿಗುವ ತನಕ ಬಂದೂಕು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಮಾರಾಟಗಾರರ ಬಳಿ ಇರಬೇಕು. ಒಯ್ಯುವ ಮೊದಲು ಠಾಣೆಗೆ ಫೋನ್ ಮಾಡಿ ತಿಳಿಸಿ, ನಳಿಗೆಯಲ್ಲಿ ತೋಟಾ ಇಲ್ಲವೆಂದು ಬಲ್ಲವರಿಂದ ಖಚಿತಪಡಿಸಿಕೊಳ್ಳಿ. ಹಳೆಯ ಲೈಸೆನ್ಸ್ ಪುಸ್ತಕ, ಅಜ್ಜನ ಮರಣ ಪ್ರಮಾಣಪತ್ರ ಜೊತೆಗಿರಲಿ. ಠೇವಣಿಗೆ ರಸೀದಿ ಪಡೆಯದೆ ಠಾಣೆಯಿಂದ ಹೊರಬರಬೇಡಿ.

ನಮಸ್ಕಾರ.